ಕರೆಂಟ್ ಪಟ್ಟಿಯ ಪಕ್ಕದ ಕಾಂತಕ್ಷೇತ್ರ: ಆಪ್ಟಿಕಲ್ ಫೈಬರ್‌ನಿಂದ ಅಳೆಯುವ ಬಗೆ

210 ಮೆಗಾವ್ಯಾಟ್‌ನ ಜನರೇಟರ್ 15.75 ಕಿಲೋವೋಲ್ಟ್‌ನಲ್ಲಿ ಪೂರ್ತಿ ಭಾರ ಹೊತ್ತು ಓಡುವಾಗ ಅದರ ಒಂದೊಂದು ಫೇಸ್‌ನಲ್ಲೂ 9,000 ಆಂಪಿಯರ್ ಆಸುಪಾಸು ಕರೆಂಟ್ ಹರಿಯುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಅಂಥ ಏಳು ಘಟಕಗಳಿವೆ. ಇಂಥ ಕಡೆ ತಾಮ್ರದ ತಂತಿಯುಳ್ಳ ಅಳತೆ ಸಾಧನ ಒಯ್ದರೆ ತೊಂದರೆ ಎರಡು. ತಂತಿಯೇ ಕಾಯಿಲ್‌ನಂತೆ ವರ್ತಿಸಿ ಸುತ್ತಲಿನ ಕ್ಷೇತ್ರವನ್ನೆಲ್ಲ ಹೀರಿ ಸುಳ್ಳು ರೀಡಿಂಗ್ ಕೊಡುತ್ತದೆ. ಅದಕ್ಕಿಂತ ಕೆಟ್ಟದ್ದು, ವೋಲ್ಟೇಜನ್ನು ಅಳೆಯುವವರ ಕೈವರೆಗೂ ತಂದುಬಿಡಬಲ್ಲದು. ಗಾಜಿನ ಎಳೆ ಕರೆಂಟ್ ಹರಿಸುವುದಿಲ್ಲ, ಕಾಂತಕ್ಷೇತ್ರದಿಂದ ವೋಲ್ಟೇಜ್ ಹುಟ್ಟಿಸಿಕೊಳ್ಳುವುದಿಲ್ಲ. ಅಳೆಯುವ ತಲೆ ಒಂದು ಕಡೆ, ಮೀಟರ್ 20 ಮೀಟರ್ ಆಚೆ ಇನ್ನೊಂದು ಕಡೆ. ನಡುವೆ ಓಡಾಡುವುದು ಬೆಳಕು ಮಾತ್ರ.

ಬಳ್ಳಾರಿ, ರಾಯಚೂರು, ಕೊಪ್ಪಳದ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕಟ್ಟಬಹುದಾದ ಒಂದು ಅಳತೆ ತಲೆಯ ವಿವರ ಇಲ್ಲಿದೆ. 50 ಹರ್ಟ್ಸ್‌ನ ಎಸಿ ಕ್ಷೇತ್ರವನ್ನು ಸುಮಾರು 0.02 ಮಿಲಿಟೆಸ್ಲಾದಿಂದ 50 ಮಿಲಿಟೆಸ್ಲಾವರೆಗೆ ಅಳೆಯುವುದು ಗುರಿ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ 0.04 ಮಿಲಿಟೆಸ್ಲಾದಷ್ಟಿದೆ. ಆದರೆ ಅದು ಡಿಸಿ ಆದ್ದರಿಂದ ಈ ಸಾಧನದ ಕಣ್ಣಿಗೆ ಬೀಳುವುದಿಲ್ಲ, ಅಡ್ಡವೂ ಬರುವುದಿಲ್ಲ.

ಮೂರು ದಾರಿಗಳು

ಮೊದಲನೆಯದು, ಸಿಂಗಲ್ ಮೋಡ್ (ಬಲು ತೆಳು ತಿರುಳಿನ) ಫೈಬರನ್ನೇ ಕರೆಂಟ್ ಹೊತ್ತ ಪಟ್ಟಿಗೆ ಸುತ್ತುವುದು. ಕಾಂತಕ್ಷೇತ್ರ ಗಾಜಿನೊಳಗಿನ ಬೆಳಕಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು, ತಿರುಗಿಸುತ್ತದೆ; ಆ ತಿರುವನ್ನೇ ಅಳೆಯುವುದು. ಇದರ ದೊಡ್ಡ ಗುಣವೆಂದರೆ ಸುರುಳಿಯ ಒಳಗೆ ಹಾಯುವ ಕರೆಂಟನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಪಕ್ಕದ ಫೇಸ್‌ನ ಕ್ಷೇತ್ರ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಫೈಬರ್‌ನ ಗಾಜು ಕಾಂತಕ್ಷೇತ್ರಕ್ಕೆ ಬಲು ಸೋಮಾರಿ: 633 ನ್ಯಾನೋಮೀಟರ್ ಬೆಳಕಿನಲ್ಲಿ ಒಂದೊಂದು ಸುತ್ತಿಗೂ ಆಂಪಿಯರಿಗೆ ಸುಮಾರು 5 ಮೈಕ್ರೋರೇಡಿಯನ್ ತಿರುವು ಮಾತ್ರ. ಸುತ್ತು ಹೆಚ್ಚಿಸೋಣವೆಂದರೆ ಫೈಬರ್ ಬಗ್ಗಿದಲ್ಲೆಲ್ಲ ಗಾಜಿನೊಳಗೆ ಒತ್ತಡ ಹುಟ್ಟಿ ಬೆಳಕಿನ ಧ್ರುವೀಕರಣ ಕದಡುತ್ತದೆ, ಬೇಕಾದ ಸಿಗ್ನಲ್ ಅದರಲ್ಲೇ ಮುಳುಗುತ್ತದೆ. ಈ ಕೆಡುಕು ಬಾಗಿನ ತ್ರಿಜ್ಯದ ವರ್ಗಕ್ಕೆ ವಿಲೋಮ. ಸುರುಳಿಯ ವ್ಯಾಸ ಇಮ್ಮಡಿಯಾದರೆ ಮೀಟರಿಗೆ ಕಾಲು ಭಾಗಕ್ಕೆ ಇಳಿಯುತ್ತದೆ. ಫೈಬರನ್ನು ಉದ್ದಕ್ಕೂ ತಿರುಚಿ ಅಥವಾ ಎಳೆಯುವಾಗಲೇ ತಿರುಗಿಸಿ ತಯಾರಿಸಿದ ವಿಶೇಷ ಫೈಬರ್ ಬಳಸಿ ಇದನ್ನು ಗೆಲ್ಲುತ್ತಾರೆ. ಮೊದಲ ಪ್ರಯೋಗಕ್ಕೆ ಇದು ಬೇಡ.

ಎರಡನೆಯದು, ಫೈಬರ್ ಬ್ರ್ಯಾಗ್ ಗ್ರೇಟಿಂಗನ್ನು (ಒಂದೇ ತರಂಗದೂರದ ಬೆಳಕನ್ನು ಹಿಂದಕ್ಕೆ ಕಳಿಸುವಂತೆ ಒಳಗೆ ಗೆರೆ ಮೂಡಿಸಿದ ಫೈಬರ್ ತುಂಡನ್ನು) ಟರ್ಫೆನಾಲ್-ಡಿ ಎಂಬ ಮಿಶ್ರಲೋಹದ ಪಟ್ಟಿಗೆ ಅಂಟಿಸುವುದು. ಕಾಂತಕ್ಷೇತ್ರದಲ್ಲಿ ಆ ಲೋಹ ಹಿಗ್ಗುತ್ತದೆ, ಗ್ರೇಟಿಂಗ್ ಜಗ್ಗುತ್ತದೆ, ಅದು ಹಿಂದಕ್ಕೆ ಕಳಿಸುವ ಬೆಳಕಿನ ತರಂಗದೂರ ಸರಿಯುತ್ತದೆ. 1550 ನ್ಯಾನೋಮೀಟರ್‌ನಲ್ಲಿ ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದ್ದಕ್ಕೆ) 1.2 ಪಿಕೋಮೀಟರ್ ಲೆಕ್ಕ. ತೊಡಕು ಬಿಸಿಲಿನದು. ಬರೀ ಗ್ರೇಟಿಂಗ್ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಲೋಹ ಹಿಗ್ಗುವುದೂ ಸೇರಿದರೆ 24 ಪಿಕೋಮೀಟರ್ ಹತ್ತಿರ. ಅಂದರೆ ಒಂದು ಡಿಗ್ರಿ ಬಿಸಿ ಏರಿದರೂ 20 ಮೈಕ್ರೋಸ್ಟ್ರೇನ್ ಹಿಗ್ಗಿದಂತೆಯೇ ಕಾಣುತ್ತದೆ. ಇನ್ನೊಂದು ಮಾತು: ಲೋಹ ಉತ್ತರ ಧ್ರುವಕ್ಕೂ ಹಿಗ್ಗುತ್ತದೆ, ದಕ್ಷಿಣಕ್ಕೂ ಹಿಗ್ಗುತ್ತದೆ. ಹಾಗಾಗಿ 50 ಹರ್ಟ್ಸ್ ಕ್ಷೇತ್ರಕ್ಕೆ 100 ಹರ್ಟ್ಸ್ ಸಿಗ್ನಲ್ ಬರುತ್ತದೆ. ಪಕ್ಕದಲ್ಲೊಂದು ಕಾಯಂ ಅಯಸ್ಕಾಂತ ಇಟ್ಟು ಕ್ಷೇತ್ರವನ್ನು ಒಂದು ಕಡೆಗೆ ವಾಲಿಸಿದರೆ ಮಾತ್ರ ಸರಿಯಾಗುತ್ತದೆ. ತರಂಗದೂರ ಓದುವ ಯಂತ್ರದ ಬೆಲೆಯೂ ಸಣ್ಣದಲ್ಲ.

ಮೂರನೆಯದು, ಫೈಬರನ್ನು ಬೆಳಕು ಸಾಗಿಸಲಷ್ಟೇ ಬಳಸಿ, ಕಾಂತಕ್ಷೇತ್ರಕ್ಕೆ ಚುರುಕಾಗಿ ಸ್ಪಂದಿಸುವ ಹರಳನ್ನು ತುದಿಯಲ್ಲಿ ಕೂಡಿಸುವುದು. ನಾವು ಹಿಡಿಯುವ ದಾರಿ ಇದೇ. ಬೆಳಕನ್ನು ಧ್ರುವೀಕರಿಸುವುದೂ ಅದರ ತಿರುವನ್ನು ಪ್ರಮಾಣವಾಗಿ ಬದಲಾಯಿಸುವುದೂ ಎರಡೂ ತಲೆಯೊಳಗೇ ಮುಗಿಯುತ್ತವೆ. ದಾರಿಯಲ್ಲಿ ಫೈಬರ್ ಬಗ್ಗಲಿ, ಅಲುಗಲಿ, ತಿರುವಿನ ಮಾಹಿತಿ ಕೆಡುವುದಿಲ್ಲ. ಬೆಳಕು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ ಅಷ್ಟೇ. ಅದನ್ನು ಲೆಕ್ಕದಲ್ಲಿ ಕಳೆಯಬಹುದು.

ಎಷ್ಟು ಸಿಗ್ನಲ್ ಬರುತ್ತದೆ

ಕಾಂತಕ್ಷೇತ್ರದಲ್ಲಿ ಗಾಜಿನ ಮೂಲಕ ಹಾಯುವ ಬೆಳಕಿನ ಧ್ರುವೀಕರಣದ ತಲ ತಿರುಗುತ್ತದೆ ಎಂದು ಮೈಕೆಲ್ ಫ್ಯಾರಡೆ 1845ರಲ್ಲಿ ತೋರಿಸಿದರು. ತಿರುವು ಎಂದರೆ ಮೂರರ ಗುಣಲಬ್ಧ: ವಸ್ತುವಿನ ವರ್ಡೆ ಸ್ಥಿರಾಂಕ (ಅದು ಬೆಳಕನ್ನು ಎಷ್ಟು ಚುರುಕಾಗಿ ತಿರುಗಿಸುತ್ತದೆಂಬ ಅಳತೆ), ಬೆಳಕಿನ ಹಾದಿಯುದ್ದಕ್ಕೂ ಇರುವ ಕ್ಷೇತ್ರ, ಹಾದಿಯ ಉದ್ದ. ಫೈಬರ್‌ನ ಗಾಜಿಗೆ 633 ನ್ಯಾನೋಮೀಟರ್‌ನಲ್ಲಿ ಈ ಸ್ಥಿರಾಂಕ ಟೆಸ್ಲಾ-ಮೀಟರಿಗೆ ಸುಮಾರು 4 ರೇಡಿಯನ್. ಟರ್ಬಿಯಂ ಗ್ಯಾಲಿಯಂ ಗಾರ್ನೆಟ್, ಅಂದರೆ ಟಿಜಿಜಿ ಹರಳಿಗೆ 134. ಮೂವತ್ತು ಪಟ್ಟಿಗೂ ಮೇಲು. ತರಂಗದೂರ ಹೆಚ್ಚಾದಂತೆ ಇದು ಬೇಗ ಕುಗ್ಗುತ್ತದೆ: 650ರಲ್ಲಿ 125ರ ಹತ್ತಿರ, 850ರಲ್ಲಿ 70ಕ್ಕೂ ಕಡಿಮೆ, 1064ರಲ್ಲಿ 40. ಅದಕ್ಕೇ ಕೆಂಪು ಬೆಳಕು ಸಾಕು, ಇನ್‌ಫ್ರಾರೆಡ್ ಬೇಡ.

20 ಮಿ.ಮೀ. ಉದ್ದದ ಹರಳು, 650 ನ್ಯಾನೋಮೀಟರ್ ಬೆಳಕು ಎಂದುಕೊಳ್ಳಿ. ಒಂದು ಮಿಲಿಟೆಸ್ಲಾಕ್ಕೆ ತಿರುವು 2.5 ಮಿಲಿರೇಡಿಯನ್. ಪೋಲರೈಸರ್‌ಗಳನ್ನು (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸಾಧನ) 45 ಡಿಗ್ರಿಗೆ ಇಟ್ಟಾಗ ಬೆಳಕಿನ ಏರಿಳಿತ ಇದರ ಇಮ್ಮಡಿ, ಅಂದರೆ ಸಾವಿರಕ್ಕೆ ಐದು. ಬೆಳಕನ್ನು ಕರೆಂಟಾಗಿಸುವ ಫೋಟೋಡಯೋಡ್‌ನಲ್ಲಿ 2 ವೋಲ್ಟ್ ಡಿಸಿ ಇದ್ದರೆ ಅದರ ಮೇಲೆ 10 ಮಿಲಿವೋಲ್ಟ್ ಎಸಿ. ಸಾಧಾರಣ ಆಸಿಲೋಸ್ಕೋಪ್‌ನಲ್ಲಿ ಎದ್ದು ಕಾಣುವ ಸಿಗ್ನಲ್ ಇದು. 50 ಮಿಲಿಟೆಸ್ಲಾಕ್ಕೆ ಹೋದರೂ ಸರಳರೇಖೆಯಿಂದ ಶೇ. 1ರಷ್ಟೇ ಬಾಗುತ್ತದೆ.

ಬೇಕಾದ ಸಾಮಾನು

ಹರಳು: 5 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ ಟಿಜಿಜಿ ಕಡ್ಡಿ, ಎರಡೂ ಮುಖ ಪಾಲಿಶ್ ಆಗಿರಬೇಕು, ಕೆಂಪು ಬೆಳಕಿಗೆ ಪ್ರತಿಫಲನ ತಗ್ಗಿಸುವ ಲೇಪ ಇದ್ದರೆ ಒಳ್ಳೆಯದು. 1064 ನ್ಯಾನೋಮೀಟರ್ ಲೇಸರ್‌ಗೆಂದು ಲೇಪಿಸಿದ ಹರಳು ಸಿಕ್ಕರೂ ನಡೆಯುತ್ತದೆ, ಬೆಳಕು ಸ್ವಲ್ಪ ಹೆಚ್ಚು ಪೋಲಾಗುತ್ತದೆ.

ಬೆಳಕು: ಫೈಬರ್‌ಗೆಂದೇ ಮಾಡಿದ 650 ನ್ಯಾನೋಮೀಟರ್ ಎಲ್‌ಇಡಿ. ಲೇಸರ್ ಡಯೋಡ್ ಹಾಕುವ ಆಸೆ ಬೇಡ. ದಪ್ಪ ತಿರುಳಿನ ಫೈಬರ್‌ನಲ್ಲಿ ಲೇಸರ್ ಬೆಳಕು ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ, ಫೈಬರ್ ಕೂದಲೆಳೆಯಷ್ಟು ಅಲುಗಿದರೂ ಆ ಚುಕ್ಕೆಗಳು ಜಾಗ ಬದಲಿಸಿ ಸಿಗ್ನಲ್ ಕುಣಿಯುತ್ತದೆ.

ಫೈಬರ್: ಹೋಗುವ ದಾರಿಗೆ 200 ಮೈಕ್ರೋಮೀಟರ್ ತಿರುಳಿನ, 0.37 ನ್ಯೂಮರಿಕಲ್ ಅಪರ್ಚರ್‌ನ (ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆಂಬ ಅಳತೆ) ಸಿಲಿಕಾ ಫೈಬರ್ ಒಂದು. ಬರುವ ದಾರಿಗೆ 400 ಮೈಕ್ರೋಮೀಟರ್‌ನವು ಎರಡು. ಬರುವ ಫೈಬರ್ ದಪ್ಪ ಇರುವುದಕ್ಕೆ ಕಾರಣವಿದೆ: 5 ಮಿ.ಮೀ. ಲೆನ್ಸ್‌ನಲ್ಲಿ ಒಂದು ಡಿಗ್ರಿ ವಾಲಿದರೆ ಬೆಳಕಿನ ಬಿಂದು 87 ಮೈಕ್ರೋಮೀಟರ್ ಸರಿಯುತ್ತದೆ. 200ರ ತಿರುಳಾದರೆ ಅರ್ಧದಷ್ಟು ಬೆಳಕು ಹೊರಗೆ ಚೆಲ್ಲುತ್ತದೆ, 400ರದ್ದು ಅದನ್ನು ಸಹಿಸಿಕೊಳ್ಳುತ್ತದೆ. ಕೇಬಲ್‌ನಲ್ಲಿ ಉಕ್ಕಿನ ಕವಚ ಇರಕೂಡದು. 10 ಸೆಂ.ಮೀ.ಗಿಂತ ಸಣ್ಣ ಬಾಗು ಬೇಡ.

ಉಳಿದಂತೆ 5 ಮಿ.ಮೀ. ಫೋಕಸ್‌ನ ಲೆನ್ಸ್ ಮೂರು, ಕೆಂಪು ಬೆಳಕಿನ ಫಿಲ್ಮ್ ಪೋಲರೈಸರ್ ಒಂದು, 5 ಮಿ.ಮೀ. ಪೋಲರೈಸಿಂಗ್ ಬೀಮ್ ಸ್ಪ್ಲಿಟರ್ ಘನ (ಕಂಪಿಸುವ ದಿಕ್ಕಿಗೆ ತಕ್ಕಂತೆ ಬೆಳಕನ್ನು ಎರಡು ಪಾಲು ಮಾಡುವ ಗಾಜು) ಒಂದು, ಬಿಪಿಡಬ್ಲ್ಯು34 ಫೋಟೋಡಯೋಡ್ ಎರಡು, ಟಿಎಲ್072 ಆಪ್-ಆಂಪ್, 2.2 ಮೆಗಾಓಮ್ ರೆಸಿಸ್ಟರ್ ಎರಡು, 10 ಪಿಕೋಫ್ಯಾರಡ್ ಕೆಪಾಸಿಟರ್ ಎರಡು, ಎಲ್‌ಎಂ317 ರೆಗ್ಯುಲೇಟರ್ ಒಂದು, 12 ವೋಲ್ಟ್ ಬ್ಯಾಟರಿ ಒಂದು, 9 ವೋಲ್ಟ್‌ನವು ಎರಡು.

ತಲೆ ಕಟ್ಟುವುದು

1. ತಲೆಯ ಪೆಟ್ಟಿಗೆಯನ್ನು ಹೈಲಂ ಅಥವಾ ಅಸಿಟಾಲ್ ಪ್ಲಾಸ್ಟಿಕ್‌ನಲ್ಲಿ ಕೊರೆಸಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಎಸಿ ಕ್ಷೇತ್ರದಲ್ಲಿ ಅದರೊಳಗೆ ಸುಳಿ ಕರೆಂಟ್ ಹುಟ್ಟಿ ಒಳಗಿನ ಕ್ಷೇತ್ರವನ್ನು ತಗ್ಗಿಸುತ್ತದೆ. ಸ್ಕ್ರೂಗಳು ನೈಲಾನ್ ಅಥವಾ ಹಿತ್ತಾಳೆಯವೇ ಆಗಿರಲಿ. ಸ್ಟೇನ್‌ಲೆಸ್ ಸ್ಕ್ರೂ ತಯಾರಾಗುವಾಗ ಒತ್ತಡಕ್ಕೆ ಸಿಕ್ಕಿ ಅಷ್ಟಿಷ್ಟು ಕಾಂತಗುಣ ಪಡೆದಿರುತ್ತದೆ. ಫೈಬರ್ ಕನೆಕ್ಟರ್‌ಗಳ ಮೇಲಿನ ನಿಕಲ್ ಲೇಪವೂ ಕಾಂತೀಯ. ಪ್ರತಿಯೊಂದು ಲೋಹದ ಭಾಗಕ್ಕೂ ದಾರದಲ್ಲಿ ಕಟ್ಟಿದ ಚಿಕ್ಕ ನಿಯೋಡಿಮಿಯಂ ಅಯಸ್ಕಾಂತ ತೋರಿಸಿ ನೋಡಿ. ಅದು ಅತ್ತ ವಾಲಿದರೆ ಆ ಭಾಗ ಹರಳಿನಿಂದ 3 ಸೆಂ.ಮೀ. ದೂರವಾದರೂ ಇರಬೇಕು.

2. ಬೆಳಕು ಹಾಯುವ ಕ್ರಮ ಹೀಗೆ: ಹೋಗುವ ಫೈಬರ್, ಲೆನ್ಸ್, ಪೋಲರೈಸರ್, ಹರಳು, ಬೀಮ್ ಸ್ಪ್ಲಿಟರ್, ಅದರ ಎರಡು ಮುಖಗಳಲ್ಲಿ ಎರಡು ಲೆನ್ಸ್, ಎರಡು ಬರುವ ಫೈಬರ್. ಲೆನ್ಸ್ ದಾಟಿದ ಬೆಳಕಿನ ಕಂಬ 3.7 ಮಿ.ಮೀ. ದಪ್ಪವಿದ್ದು, ಮುಂದೆ ಪ್ರತಿ 10 ಮಿ.ಮೀ.ಗೆ 0.4 ಮಿ.ಮೀ. ಅರಳುತ್ತದೆ. ಲೆನ್ಸ್‌ನಿಂದ ಲೆನ್ಸ್‌ಗೆ 35 ಮಿ.ಮೀ. ಮೀರಿದರೆ ಅಂಚಿನ ಬೆಳಕು ಘನದ ಹೊರಗೆ ಹೋಗುತ್ತದೆ.

3. ಹರಳನ್ನು ಎಪಾಕ್ಸಿಯಲ್ಲಿ ಮುಳುಗಿಸಿ ಅಂಟಿಸಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಕುಗ್ಗಿ ಹರಳನ್ನು ಹಿಂಡುತ್ತದೆ, ಹಿಂಡಿದ ಹರಳು ಕಾಂತಕ್ಷೇತ್ರ ಇಲ್ಲದೆಯೂ ಧ್ರುವೀಕರಣ ಬದಲಿಸುತ್ತದೆ, ತಾಪಮಾನದೊಡನೆ ಅದು ಇನ್ನಷ್ಟು ಬದಲಾಗುತ್ತದೆ. ಕಡ್ಡಿಯ ನಡುಭಾಗದಲ್ಲಿ ಸಿಲಿಕೋನ್ ಅಂಟಿನ ಎರಡು ಬೊಟ್ಟು ಸಾಕು. ಅಂಟಿಸಿದ ಮೇಲೆ ಹರಳನ್ನು ಎರಡು ಅಡ್ಡಡ್ಡ ಪೋಲರೈಸರ್‌ಗಳ ನಡುವೆ ಇಟ್ಟು ನೋಡಿ. ಪೂರ್ತಿ ಕತ್ತಲೆ ಇದ್ದರೆ ಸರಿ. ಅಂಚಿನಲ್ಲಿ ಬೆಳಕಿನ ತೇಪೆ ಕಂಡರೆ ಒತ್ತಡವಿದೆ, ಅಂಟು ತೆಗೆದು ಮತ್ತೆ ಮಾಡಬೇಕು.

4. ಬರುವ ಫೈಬರ್‌ಗಳನ್ನು ಸಾಲಾಗಿಸಲು ಉಲ್ಟಾ ಬೆಳಕು ಬಿಡಿ. ಮೀಟರ್ ಕಡೆಯ ತುದಿಗೆ ಕೆಂಪು ಎಲ್‌ಇಡಿ ಹಿಡಿದರೆ ತಲೆಯ ಕಡೆಯಿಂದ ಬೆಳಕಿನ ಕಂಬ ಹೊರಡುತ್ತದೆ. ಹರಳಿನ ಜಾಗದಲ್ಲಿ ಒಂದು ತುಣುಕು ಟ್ರೇಸಿಂಗ್ ಕಾಗದ ಹಿಡಿದು, ಮೂರೂ ಫೈಬರ್‌ಗಳ ವೃತ್ತ ಒಂದರ ಮೇಲೊಂದು ಕೂಡುವಂತೆ ಲೆನ್ಸ್‌ಗಳನ್ನು ತಿದ್ದಿ. ತಾಸುಗಟ್ಟಲೆ ಹಿಡಿಯುವ ಕೆಲಸ ಇದೇ. ಇಲ್ಲಿ ಅವಸರ ಮಾಡಿದರೆ ಮುಂದೆ ಬೆಳಕು ಸಾಲದೆ ಎಲ್ಲವೂ ನಾಯ್ಸ್‌ನಲ್ಲಿ ಮುಳುಗುತ್ತದೆ.

ಬೆಳಕಿನಿಂದ ವೋಲ್ಟೇಜಿಗೆ

ಎಲ್‌ಎಂ317ಗೆ 62 ಓಮ್ ಹಾಕಿದರೆ 20 ಮಿಲಿಆಂಪಿಯರ್‌ನ ಸ್ಥಿರ ಕರೆಂಟ್ ಸಿಗುತ್ತದೆ. ಎಲ್‌ಇಡಿಗೆ ಅದು ಸಾಕು. ಅಡಾಪ್ಟರ್‌ನಿಂದ ಓಡಿಸಬೇಡಿ. ಅಡಾಪ್ಟರ್‌ನ ಅಲೆತ ಎಲ್‌ಇಡಿ ಬೆಳಕಿನಲ್ಲಿ ಸೇರಿ, ಕಾಂತಕ್ಷೇತ್ರವೇ ಇಲ್ಲದಿದ್ದರೂ ಇದ್ದಂತೆ ತೋರಿಸುತ್ತದೆ. ಆಪ್-ಆಂಪ್‌ಗೂ ಎರಡು 9 ವೋಲ್ಟ್ ಬ್ಯಾಟರಿ.

ಒಂದೊಂದು ಫೋಟೋಡಯೋಡ್‌ಗೂ 2 ಮೈಕ್ರೋವ್ಯಾಟ್ ಬೆಳಕು ತಲುಪಿದರೆ ಸುಮಾರು 0.8 ಮೈಕ್ರೋಆಂಪಿಯರ್ ಹುಟ್ಟುತ್ತದೆ, 2.2 ಮೆಗಾಓಮ್ ಅದನ್ನು 1.8 ವೋಲ್ಟ್ ಮಾಡುತ್ತದೆ. 10 ಪಿಕೋಫ್ಯಾರಡ್ ಜೊತೆಗಿದ್ದರೆ 7 ಕಿಲೋಹರ್ಟ್ಸ್‌ವರೆಗೂ ಸಿಗ್ನಲ್ ಹಾಯುತ್ತದೆ. 50 ಹರ್ಟ್ಸ್‌ನ ಗುಣಕಗಳಿಗೆ ಧಾರಾಳ. ವೋಲ್ಟೇಜ್ ಅರ್ಧ ವೋಲ್ಟಿಗಿಂತ ಕಡಿಮೆ ಬಂದರೆ ರೆಸಿಸ್ಟರ್ ಹೆಚ್ಚಿಸಲು ಹೋಗದೆ ಹಿಂದಿನ ಹಂತಕ್ಕೆ ಹೋಗಿ ಲೆನ್ಸ್ ತಿದ್ದಿ, ಕನೆಕ್ಟರ್ ಒರೆಸಿ.

ಈಗ ಲೆಕ್ಕದ ತಿರುಳು. ಒಂದೊಂದು ಚಾನೆಲ್‌ನಲ್ಲೂ (ಬರುವ ಫೈಬರ್ ಒಂದು, ಅದರ ಫೋಟೋಡಯೋಡ್ ಒಂದು ಸೇರಿ ಒಂದು ಚಾನೆಲ್) ಎಸಿ ಭಾಗವನ್ನು ಅದೇ ಚಾನೆಲ್‌ನ ಡಿಸಿಯಿಂದ ಭಾಗಿಸಿ. ಆಗ ಆ ಫೈಬರ್‌ನಲ್ಲಿ ಬೆಳಕು ಎಷ್ಟು ಪೋಲಾಯಿತೆಂಬುದು ಲೆಕ್ಕದಿಂದ ಹೊರಗೆ ಹೋಗುತ್ತದೆ. ಎರಡು ಚಾನೆಲ್‌ಗಳ ಅನುಪಾತಗಳು ಸಮವಾಗಿದ್ದು ಎದುರುಬದುರು ಇರುತ್ತವೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಒಂದರಿಂದ ಒಂದನ್ನು ಕಳೆದು ಎರಡರಿಂದ ಭಾಗಿಸಿದರೆ ಕಾಂತಕ್ಷೇತ್ರದ ಸಿಗ್ನಲ್ ಉಳಿಯುತ್ತದೆ. ಎಲ್‌ಇಡಿಯ ಏರಿಳಿತ ಎರಡರಲ್ಲೂ ಒಂದೇ ದಿಕ್ಕಿಗೆ ಇರುವುದರಿಂದ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಪೋಲರೈಸರನ್ನು 45 ಡಿಗ್ರಿಗೆ ಇಡುವಾಗ ಹೆಚ್ಚಿನವರು ಎರಡೂ ಡಿಸಿ ವೋಲ್ಟೇಜ್ ಸಮ ಆಗುವವರೆಗೆ ತಿರುಗಿಸುತ್ತಾರೆ. ಎರಡು ಫೈಬರ್‌ಗಳ ನಷ್ಟ ಬೇರೆಬೇರೆ ಇದ್ದರೆ ಅದು ತಪ್ಪು ಕೋನ. ಮುಂದೆ ಹೇಳುವ ಕಾಯಿಲ್‌ನ ಕ್ಷೇತ್ರದಲ್ಲಿ ತಲೆ ಇಟ್ಟು, ಎರಡು ಚಾನೆಲ್‌ಗಳ ಎಸಿ-ಡಿಸಿ ಅನುಪಾತ ಸಮ ಆಗುವವರೆಗೆ ತಿರುಗಿಸಿ. ಅದೇ ನಿಜವಾದ 45. ಐದು ಡಿಗ್ರಿ ತಪ್ಪಿದರೂ ಒಂದು ಚಾನೆಲ್ ಶೇ. 19 ಹೆಚ್ಚು, ಇನ್ನೊಂದು ಶೇ. 16 ಕಡಿಮೆ ತೋರಿಸುತ್ತದೆ, ಸರಾಸರಿ ಮಾತ್ರ ಶೇ. 1.5 ಅಷ್ಟೇ ತಪ್ಪುತ್ತದೆ. ಎರಡು ಚಾನೆಲ್ ಇಡುವ ಖರ್ಚು ಇಲ್ಲೇ ತೀರುತ್ತದೆ.

ಇನ್ನೂ ಸಣ್ಣ ಕ್ಷೇತ್ರ ಅಳೆಯಲು ಕಂಪ್ಯೂಟರ್‌ನಲ್ಲಿ ಸಿಗ್ನಲನ್ನು 50 ಹರ್ಟ್ಸ್ ಅಲೆಯಿಂದ ಗುಣಿಸಿ ಸರಾಸರಿ ತೆಗೆಯುವ ಪದ್ಧತಿ ಇದೆ. ಆ ಅಲೆಯನ್ನು ಕಂಪ್ಯೂಟರ್‌ನಲ್ಲೇ ಹುಟ್ಟಿಸಬೇಡಿ. ನಮ್ಮ ಗ್ರಿಡ್ 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕೆಂಬುದು ನಿಯಮ. 49.90 ಇದ್ದ ಹೊತ್ತಿನಲ್ಲಿ ಸರಿಯಾಗಿ 50 ಎಂದುಕೊಂಡು 10 ಸೆಕೆಂಡ್ ಸರಾಸರಿ ಮಾಡಿದರೆ ಉತ್ತರ ಸೊನ್ನೆ ಬರುತ್ತದೆ! ಗೋಡೆಯ ಸಾಕೆಟ್‌ನಿಂದಲೇ 9 ವೋಲ್ಟ್‌ನ ಚಿಕ್ಕ ಟ್ರಾನ್ಸ್‌ಫಾರ್ಮರ್ ಮೂಲಕ ಅಲೆ ತೆಗೆದುಕೊಳ್ಳಿ.

ಅಳತೆಗೋಲು: ಹೆಲ್ಮ್‌ಹೋಲ್ಟ್ಸ್ ಕಾಯಿಲ್

ಗೊತ್ತಿರುವ ಕ್ಷೇತ್ರವಿಲ್ಲದೆ ತಲೆಯ ರೀಡಿಂಗ್‌ಗೆ ಅರ್ಥವಿಲ್ಲ. ಹೆಲ್ಮ್‌ಹೋಲ್ಟ್ಸ್ ಕಾಯಿಲ್ ಎಂದರೆ ಎದುರುಬದುರು ಇಟ್ಟ ಒಂದೇ ಅಳತೆಯ ಎರಡು ಸುರುಳಿ, ಅವುಗಳ ನಡುವಿನ ಕ್ಷೇತ್ರವನ್ನು ಕರೆಂಟ್‌ನಿಂದ ಲೆಕ್ಕ ಹಾಕಬಹುದು. ಇದಕ್ಕೆ ಬೇಕಾದ ತಂತಿ ನಮ್ಮ ಭಾಗದಲ್ಲಿ ಹುಡುಕುವ ಕಷ್ಟವಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗಳಲ್ಲಿ ಎನಾಮಲ್ ತಾಮ್ರದ ತಂತಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. 20 ಗೇಜ್ ಕೇಳಿ, ಒಂದೂವರೆ ಕಿಲೋಗಿಂತ ತುಸು ಹೆಚ್ಚು ಬೇಕು. ಸುತ್ತು ಎಣಿಸುವ ಕೈಯಂತ್ರವೂ ಅಲ್ಲೇ ಇರುತ್ತದೆ, ಅವರ ಕೈಯಲ್ಲೇ ಸುತ್ತಿಸುವುದು ಜಾಣತನ.

200 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪಿನ ತುಂಡಿನ ಮೇಲೆ 20 ಮಿ.ಮೀ. ಅಗಲದಲ್ಲಿ ಪದರಕ್ಕೆ 20ರಂತೆ 10 ಪದರ, ಒಟ್ಟು 200 ಸುತ್ತು. ಇಂಥವು ಎರಡು. ಸರಾಸರಿ ತ್ರಿಜ್ಯ 105 ಮಿ.ಮೀ. ಬರುತ್ತದೆ, ಎರಡು ಕಾಯಿಲ್‌ಗಳ ನಡುಗೆರೆಗಳ ಅಂತರವೂ ಅಷ್ಟೇ ಇರಬೇಕು. ಈ ಅಂತರ 1 ಮಿ.ಮೀ. ತಪ್ಪಿದರೆ ಕ್ಷೇತ್ರ ಶೇ. 0.6 ತಪ್ಪುತ್ತದೆ. ಎರಡನ್ನೂ ಸರಣಿಯಲ್ಲಿ, ಒಂದೇ ದಿಕ್ಕಿಗೆ ಕರೆಂಟ್ ಸುತ್ತುವಂತೆ ಜೋಡಿಸಿ. ನಡುವಿನ ಕ್ಷೇತ್ರ ಆಂಪಿಯರಿಗೆ 1.71 ಮಿಲಿಟೆಸ್ಲಾ. ಒಂದು ಕಾಯಿಲ್ ಉಲ್ಟಾ ಜೋಡಿಸಿದರೆ ನಡುವೆ ಸೊನ್ನೆ. ರೀಡಿಂಗ್ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಒಟ್ಟು ರೋಧ 7 ಓಮ್ ಹತ್ತಿರ. ಎಸಿಯಲ್ಲಿ ಇಂಡಕ್ಟೆನ್ಸ್ ಸೇರಿ ಒಂದು ಆಂಪಿಯರಿಗೆ 13 ವೋಲ್ಟ್ ಆಸುಪಾಸು ಬೇಕಾಗುತ್ತದೆ. ಡಿಮ್ಮರ್‌ಸ್ಟ್ಯಾಟ್ (ಮೇನ್ಸ್ ವೋಲ್ಟೇಜನ್ನು ಏರಿಸಿ ಇಳಿಸುವ ಸಾಧನ), ಅದರ ಮುಂದೆ 24 ವೋಲ್ಟ್ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಮುಂದೆ ಟ್ರೂ ಆರ್‌ಎಂಎಸ್ ಆಮೀಟರ್, ಆಮೇಲೆ ಕಾಯಿಲ್. ಡಿಮ್ಮರ್‌ಸ್ಟ್ಯಾಟನ್ನು ನೇರವಾಗಿ ಕಾಯಿಲ್‌ಗೆ ಕೊಡಬೇಡಿ. ಅದು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ, ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಕಾಯಿಲನ್ನು ಮರದ ಮೇಜಿನ ಮೇಲಿಡಿ. ಕಬ್ಬಿಣದ ಮೇಜು, ಅಲ್ಮೇರಾ ಹತ್ತಿರ ಇದ್ದರೆ ಕ್ಷೇತ್ರ ಅತ್ತ ಸೆಳೆದುಕೊಂಡು ಲೆಕ್ಕ ಕೆಡುತ್ತದೆ. ಕರೆಂಟನ್ನು 0, 0.4, 0.8, 1.2, 1.6 ಆಂಪಿಯರ್ ಹೀಗೆ ಏರಿಸಿ, ಅದೇ ಮೆಟ್ಟಿಲಲ್ಲಿ ಇಳಿಸಿ. 1.6ರಲ್ಲಿ ಕಾಯಿಲ್ 18 ವ್ಯಾಟ್‌ನಷ್ಟು ಕಾಯುತ್ತದೆ, ರೀಡಿಂಗ್ ತೆಗೆದ ಕೂಡಲೇ ಇಳಿಸಿಬಿಡಿ. ಗ್ರಾಫ್ ಹಾಕಿದರೆ ಸರಳರೇಖೆ ಬರಬೇಕು. ಲೆಕ್ಕದ ಪ್ರಕಾರ ಇಳಿಜಾರು ಮಿಲಿಟೆಸ್ಲಾಕ್ಕೆ 0.005. ಓರೆಯಾಗಿ ಹಾಯುವ ಕಿರಣಗಳನ್ನು ಬೀಮ್ ಸ್ಪ್ಲಿಟರ್ ಸರಿಯಾಗಿ ಬೇರ್ಪಡಿಸದ ಕಾರಣ 0.004 ಬಂದರೆ ಆತಂಕವಿಲ್ಲ, ಬಂದದ್ದೇ ನಿಮ್ಮ ತಲೆಯ ಸ್ಥಿರಾಂಕ. 0.0025 ಬಂತೆಂದರೆ ಎಲ್ಲೋ ಎಡವಟ್ಟಾಗಿದೆ: ಒಂದು ಚಾನೆಲ್ ಸತ್ತಿರಬಹುದು, ಪೋಲರೈಸರ್ ಸಡಿಲಾಗಿ ತಿರುಗಿರಬಹುದು.

ಸುಳ್ಳನ್ನು ಹಿಡಿಯುವ ಪರೀಕ್ಷೆಗಳು

50 ಹರ್ಟ್ಸ್ ಕ್ಷೇತ್ರ ಅಳೆಯಲು ಹೊರಟವರನ್ನು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು 50 ಹರ್ಟ್ಸೇ. ಆಂಪ್ಲಿಫೈಯರ್ ಪೆಟ್ಟಿಗೆ ತಾನೇ ಗಾಳಿಯಿಂದ ಅದನ್ನು ಹೀರಿಕೊಳ್ಳುತ್ತದೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ಈ ಮೂರನ್ನು ಮಾಡಲೇಬೇಕು.

ಎಲ್‌ಇಡಿ ಆರಿಸಿ, ಕ್ಷೇತ್ರ ಹಾಗೇ ಇರಲಿ. ಎಸಿ ರೀಡಿಂಗ್ ಬಿದ್ದುಹೋಗಬೇಕು. ಬೀಳದಿದ್ದರೆ ಅದು ಬೆಳಕಿನಿಂದ ಬಂದ ಸಿಗ್ನಲ್ ಅಲ್ಲ. ಪೆಟ್ಟಿಗೆಯನ್ನು ಇನ್ನೂ ದೂರ ಒಯ್ಯಿರಿ, ಲೋಹದ ಡಬ್ಬಿಯಲ್ಲಿ ಮುಚ್ಚಿ.

ತಲೆಯನ್ನು 90 ಡಿಗ್ರಿ ತಿರುಗಿಸಿ. ಹರಳು ತನ್ನ ಉದ್ದಕ್ಕೆ ಇರುವ ಕ್ಷೇತ್ರವನ್ನಷ್ಟೇ ನೋಡುವುದರಿಂದ ರೀಡಿಂಗ್ ಸೊನ್ನೆಗೆ ಹತ್ತಿರ ಬರಬೇಕು. 180 ತಿರುಗಿಸಿದರೆ ಗಾತ್ರ ಅದೇ, ಅಲೆ ಮಾತ್ರ ತಲೆಕೆಳಗು.

ಕೋಣೆಯ ಟ್ಯೂಬ್‌ಲೈಟ್ ಆರಿಸಿ ಹಚ್ಚಿ ನೋಡಿ. ಅದರಿಂದ ಬರುವುದು 100 ಹರ್ಟ್ಸ್. ಟ್ರಾನ್ಸ್‌ಫಾರ್ಮರ್‌ನ ಗುಂಯ್ ಎಂಬ ನಡುಕ ಫೈಬರ್‌ಗೆ ತಗುಲಿದರೂ 100 ಹರ್ಟ್ಸೇ ಬರುತ್ತದೆ. ಸ್ಕೋಪ್‌ನಲ್ಲಿ 10 ಮಿಲಿಸೆಕೆಂಡಿಗೊಂದು ಅಲೆ ಕಂಡರೆ ಅದು ಕಾಂತಕ್ಷೇತ್ರದ್ದಲ್ಲ.

ಹೊರಗೆ, ಕೇಬಲ್ ಪಕ್ಕದಲ್ಲಿ

ಮೊದಲ ಅಳತೆಗೆ ವಿದ್ಯುತ್ ಕೇಂದ್ರವೂ ಬೇಡ, ಹೈಟೆನ್ಷನ್ ಯಾರ್ಡೂ ಬೇಡ. ಫೈಬರ್ ಕರೆಂಟ್ ಹರಿಸುವುದಿಲ್ಲ ಎಂಬ ಧೈರ್ಯವೇ ಇಲ್ಲಿ ಅಪಾಯ. ಅದರ ಹೊರ ಹೊದಿಕೆಯ ಮೇಲೆ ಹಾರುಬೂದಿಯೋ ಅದಿರಿನ ಧೂಳೋ ಕೂತು ಬೆಳಗಿನ ಇಬ್ಬನಿಗೆ ತೇವವಾದರೆ ಹೊದಿಕೆಯ ಮೇಲ್ಮೈಯಲ್ಲೇ ಕರೆಂಟ್ ಹರಿಯಬಲ್ಲದು. 11 ಕಿಲೋವೋಲ್ಟ್ ಮತ್ತು ಅದಕ್ಕೂ ಮೇಲಿನ ಕಡೆ ಫೈಬರನ್ನು ಇನ್ಸುಲೇಟರ್ ಒಳಗಿಂದಲೇ ಇಳಿಸಬೇಕು. ಅದು ಲೈನ್ ಕ್ಲಿಯರ್ ತೆಗೆದುಕೊಂಡು (ಅಂದರೆ ಲೈನ್‌ನ ಕರೆಂಟ್ ಅಧಿಕೃತವಾಗಿ ತೆಗೆಸಿ), ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂ ಅಥವಾ ಆಯಾ ಕಾರ್ಖಾನೆಯ ಅನುಮತಿಯೊಡನೆ ಮಾಡುವ ಕೆಲಸ.

ಅಕ್ಕಿ ಗಿರಣಿಯೊಂದರ 250 ಕೆವಿಎ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. 433 ವೋಲ್ಟ್ ಬದಿಯಲ್ಲಿ ಪೂರ್ತಿ ಭಾರಕ್ಕೆ ಫೇಸಿಗೆ 333 ಆಂಪಿಯರ್. ಇನ್ಸುಲೇಷನ್ ಇರುವ ಒಂಟಿ ಕೋರ್ ಕೇಬಲ್‌ನ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಕ್ಷೇತ್ರ 0.67 ಮಿಲಿಟೆಸ್ಲಾ. ನಮ್ಮ ತಲೆಗೆ ಇದು ಒಳ್ಳೆಯ ತುತ್ತು. ಗಿರಣಿಯ ಮಾಲೀಕರ ಒಪ್ಪಿಗೆ, ಅಲ್ಲಿನ ಎಲೆಕ್ಟ್ರಿಷಿಯನ್ ಜೊತೆ, ಇನ್ಸುಲೇಷನ್ ಹೊರಗಿನಿಂದ ಮಾತ್ರ.

ಕ್ಷೇತ್ರ ಕೇಬಲ್ ಸುತ್ತ ಕೈಗೆ ತೊಟ್ಟ ಬಳೆಯಂತೆ ಇರುತ್ತದೆ. ಹರಳು ಆ ಬಳೆಯ ಮೇಲೆ ಮಲಗಿದಂತೆ ಇರಬೇಕು: ಕೇಬಲ್‌ಗೂ ಅಡ್ಡ, ಕೇಬಲ್‌ನಿಂದ ಹೊರಟ ಗೆರೆಗೂ ಅಡ್ಡ. ದೂರ 5 ಮಿ.ಮೀ. ತಪ್ಪಿದರೆ ಶೇ. 5 ತಪ್ಪು, ಆದ್ದರಿಂದ ಕೈಯಲ್ಲಿ ಹಿಡಿಯಬೇಡಿ. ಹೈಲಂ ತುಂಡಿನಲ್ಲಿ ಕೇಬಲ್ ಕೂರುವ ಕಚ್ಚು ಮಾಡಿ, ಅದರ ಇನ್ನೊಂದು ತುದಿಗೆ ತಲೆ ಬಿಗಿಯಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ತಲೆ ಅಳೆಯುವುದು ಒಂದು ಬಿಂದುವಿನ ಕ್ಷೇತ್ರವನ್ನು, ಕರೆಂಟನ್ನಲ್ಲ. ಆರ್ ಫೇಸ್ ಕೇಬಲ್ 5 ಸೆಂ.ಮೀ. ದೂರ, ವೈ ಫೇಸ್ ಅದೇ ಸಾಲಿನಲ್ಲಿ 15 ಸೆಂ.ಮೀ. ದೂರ ಇದ್ದರೆ, ವೈ ಫೇಸ್‌ನ ಪಾಲು ಆರ್‌ನ ಮೂರನೇ ಒಂದು ಭಾಗ. ಅದನ್ನು ಕಳೆಯದೆ ಆಂಪಿಯರ್ ಲೆಕ್ಕ ಬರೆದರೆ ತಪ್ಪಾಗುತ್ತದೆ. ಮೂರೂ ಫೇಸ್ ಮತ್ತು ನ್ಯೂಟ್ರಲ್ ಒಂದೇ ಹೊದಿಕೆಯಲ್ಲಿರುವ ಮೂರೂವರೆ ಕೋರ್ ಕೇಬಲ್‌ನ ಹೊರಗೆ ಇಟ್ಟರೆ ಮೂರೂ ಫೇಸ್‌ಗಳು ಒಂದನ್ನೊಂದು ಹೊಡೆದುಹಾಕಿ ಬಹುತೇಕ ಏನೂ ಕಾಣುವುದಿಲ್ಲ. ಮೊದಲಿಗೆ ಹೇಳಿದ 9,000 ಆಂಪಿಯರ್ ಜನರೇಟರ್‌ನಲ್ಲೂ ಹೀಗೆಯೇ: ಅಲ್ಲಿನ ಪ್ರತಿ ಫೇಸ್ ಪಟ್ಟಿಯೂ ಅಲ್ಯೂಮಿನಿಯಂ ಕೊಳವೆಯೊಳಗಿರುತ್ತದೆ, ಕೊಳವೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಎದುರು ದಿಕ್ಕಿಗೆ ಹರಿದು ಹೊರಗಿನ ಕ್ಷೇತ್ರವನ್ನು ಅಳಿಸುತ್ತದೆ. ಬರೀ ಪಟ್ಟಿಯಾಗಿದ್ದರೆ ಒಂದು ಮೀಟರ್ ದೂರದಲ್ಲಿ 1.8 ಮಿಲಿಟೆಸ್ಲಾ ಇರಬೇಕಿತ್ತು. ಕೊಳವೆಯ ಹೊರಗೆ ಅದರ ಸಣ್ಣ ಪಾಲು ಮಾತ್ರ. ಸಾಧನ ಕೆಟ್ಟಿದೆಯೆಂದು ಬಿಚ್ಚಲು ಹೋಗಬೇಡಿ. ಕರೆಂಟೇ ಬೇಕಿದ್ದರೆ ಮೊದಲ ದಾರಿಯ ಫೈಬರ್ ಸುರುಳಿಯೇ ಸರಿ.

ಜನರ ಸುರಕ್ಷತೆಯ ದೃಷ್ಟಿಯಿಂದ ಅಳೆಯುವವರಿಗೆ ಹೋಲಿಕೆಯ ಅಂಕಿ: 50 ಹರ್ಟ್ಸ್‌ಗೆ ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 2010ರಲ್ಲಿ ಸಾರ್ವಜನಿಕರಿಗೆ 0.2 ಮಿಲಿಟೆಸ್ಲಾ, ಕೆಲಸಗಾರರಿಗೆ 1 ಮಿಲಿಟೆಸ್ಲಾ ಎಂದು ನಿಗದಿ ಮಾಡಿದೆ. ಪೇಸ್‌ಮೇಕರ್ ಇರುವವರು ಇಂಥ ಅಳತೆಗೆ ಬರಬಾರದು.

ಬಿಸಿಲು ಮತ್ತು ಧೂಳು

ಟಿಜಿಜಿಯ ಒಂದು ದೋಷ ರಾಯಚೂರಿನಂಥ ಊರಲ್ಲಿ ಎದ್ದು ಕಾಣುತ್ತದೆ. ಅದರ ವರ್ಡೆ ಸ್ಥಿರಾಂಕ ಪರಮ ತಾಪಮಾನಕ್ಕೆ ಹೆಚ್ಚುಕಡಿಮೆ ವಿಲೋಮ; ಡಿಗ್ರಿಗೆ ಶೇ. 0.33ರಷ್ಟು ಇಳಿಯುತ್ತದೆ. 28 ಡಿಗ್ರಿಯ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ, ಮೇ ತಿಂಗಳ ಮಧ್ಯಾಹ್ನ 45 ಡಿಗ್ರಿಯ ಪ್ಯಾನಲ್ ಕೋಣೆಯಲ್ಲಿ ಅಳೆದರೆ ರೀಡಿಂಗ್ ಶೇ. 5ಕ್ಕೂ ಮೀರಿ ಇಳಿದು ಬರುತ್ತದೆ. ತಿದ್ದುವುದು ಸುಲಭ: ಎರಡೂ ತಾಪಮಾನಕ್ಕೆ 273 ಕೂಡಿಸಿ, 318ನ್ನು 301ರಿಂದ ಭಾಗಿಸಿದರೆ 1.056, ರೀಡಿಂಗನ್ನು ಇದರಿಂದ ಗುಣಿಸಿ. ಇದಕ್ಕಾಗಿ ಪ್ರತಿ ರೀಡಿಂಗ್ ಜೊತೆ ತಲೆಯ ಪಕ್ಕದ ತಾಪಮಾನ ಬರೆದಿಡಬೇಕು. ಗಾಜಿನ ಥರ್ಮಾಮೀಟರ್ ಸಾಕು, ತಂತಿಯದು ಬೇಡ. ಎಲ್‌ಇಡಿಯ ತರಂಗದೂರವೂ ಬಿಸಿಗೆ ಸರಿಯುತ್ತದೆ, ಆದರೆ ಅದರಿಂದಾಗುವ ತಪ್ಪು 20 ಡಿಗ್ರಿಗೆ ಶೇ. 1ರೊಳಗೆ. ಎಲ್‌ಇಡಿ ಇರುವ ಪೆಟ್ಟಿಗೆಯನ್ನು ನೆರಳಲ್ಲಿಟ್ಟರೆ ಮರೆತುಬಿಡಬಹುದು.

ವರ್ಷವಿಡೀ ಒಂದೇ ಕಡೆ ಕಾಯಂ ಆಗಿ ಕೂರಿಸುವುದಾದರೆ, ಕ್ಷೇತ್ರ ಹಲವು ಮಿಲಿಟೆಸ್ಲಾ ಇದ್ದರೆ, ಟಿಜಿಜಿ ಬದಲು ಸೀಸ ಹೆಚ್ಚಿರುವ ಫ್ಲಿಂಟ್ ಗಾಜಿನ ಕಡ್ಡಿಯೇ ಮೇಲು. ಸಿಗ್ನಲ್ ಆರೇಳು ಪಟ್ಟು ಕಡಿಮೆ, ಆದರೆ ತಾಪಮಾನಕ್ಕೆ ಅದು ಬಹುತೇಕ ಜಗ್ಗುವುದಿಲ್ಲ. ಫಿಲ್ಮ್ ಪೋಲರೈಸರ್ 80 ಡಿಗ್ರಿ ದಾಟಿದರೆ ಬಣ್ಣಗೆಡುತ್ತದೆ. ಕುಲುಮೆಯ ಹತ್ತಿರಕ್ಕೆ ಗಾಜಿನ ಪೋಲರೈಸರ್ ಬೇಕು.

ಧೂಳಿನ ಮಾತು ಕೊನೆಯದಾದರೂ ಸಂಡೂರು, ತೋರಣಗಲ್ಲು, ಗಿಣಿಗೇರಾ ಕಡೆ ಮೊದಲು ನೆನಪಿಡಬೇಕಾದದ್ದು. ಅದಿರಿನ ಕೆಂಪು ಧೂಳು ಹೆಚ್ಚಾಗಿ ಹೆಮಟೈಟ್, ಅದಕ್ಕೆ ಕಾಂತಗುಣ ಅಷ್ಟಿಲ್ಲ. ಫೈಬರ್ ತುದಿಗೆ ಕೂತು ಬೆಳಕು ತಡೆಯುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಗಾಜನ್ನು ಗೀರುತ್ತದೆ. ಕನೆಕ್ಟರ್ ಬಿಚ್ಚುವ ಮುನ್ನ ಹೊರಗಿನ ಧೂಳು ಊದಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಕಾಗದದಿಂದ ಒಂದೇ ದಿಕ್ಕಿಗೆ ಎಳೆಯಿರಿ, ಒಮ್ಮೆ ಬಳಸಿದ ಜಾಗ ಮತ್ತೆ ಬಳಸಬೇಡಿ. ಸ್ಪಾಂಜ್ ಐರನ್ ಧೂಳು ಬೇರೆಯೇ ಜಾತಿ. ಅದು ಕಬ್ಬಿಣವೇ ಆದ್ದರಿಂದ ತಲೆಯ ಮೇಲೆ ದಪ್ಪಗೆ ಕೂತರೆ ಕ್ಷೇತ್ರವನ್ನೇ ಬಗ್ಗಿಸುತ್ತದೆ. ಅಂಥ ಕಡೆ ತಲೆಯ ಮುಚ್ಚಳಕ್ಕೆ ರಬ್ಬರ್ ಓ-ರಿಂಗ್ ಹಾಕಿ, ದಿನದ ಕೆಲಸ ಮುಗಿದ ಮೇಲೆ ತೇವದ ಬಟ್ಟೆಯಲ್ಲಿ ಒರೆಸಿ. ಡಿಸಿ ವೋಲ್ಟೇಜ್ ಮೊದಲ ದಿನಕ್ಕಿಂತ ಮೂರನೇ ಒಂದು ಭಾಗ ಇಳಿದಿದ್ದರೆ ಕನೆಕ್ಟರ್ ತೊಳೆಯುವ ಹೊತ್ತಾಗಿದೆ. ತೊಳೆದ ಮೇಲೂ ಏರದಿದ್ದರೆ ತಲೆಯನ್ನು ಮತ್ತೆ ಕಾಯಿಲ್‌ನಲ್ಲಿಟ್ಟು ಸ್ಥಿರಾಂಕ ನೋಡಿ.